‘ಚೆನ್ನಾಗಿದ್ದೇನೆ ಮಾಯ್’ ಅನ್ನುವ ಮಗಳು: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಸದಾಶಿವಗಡದ ತಾಯಿಯೊಬ್ಬರು ಬರೆದಿದ್ದರು: “ನನ್ನ ಮಗಳು ಸಿಸ್ಟರ್, ಕಾನ್ವೆಂಟಿಗೆ ಸೇರಿದವಳು. ನರ್ಸಿಂಗ್ ಕಲಿತವಳು. ಎರಡು ವರ್ಷದಿಂದ ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಹತ್ತಿರದ ಒಂದು ಹಳ್ಳಿ ದವಾಖಾನೆಯಲ್ಲಿ ಸೇವೆಗಿದ್ದಾಳೆ. ಎರಡು ಸಲ ಮಲೇರಿಯಾ ಆಗಿದೆ. ಭಾನುವಾರ ಫೋನ್ ಮಾಡಿದರೆ ‘ಚೆನ್ನಾಗಿದ್ದೇನೆ ಮಾಯ್’ ಅಂತಾಳೆ, ಆಮೇಲೆ ಮಾತೇ ಇಲ್ಲ. ಡಿಸೆಂಬರಿಗೆ ರಜೆಯಲ್ಲಿ ಬರುತ್ತಾಳೆ. ವಾಪಸ್ ಬಂದುಬಿಡು ಅನ್ನಲೇ, ಧೈರ್ಯ ಹೇಳಲೇ? ಇಲ್ಲಿ ಕೂತು ನಾನು ಏನು ಮಾಡಬಹುದು?” ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹೊನ್ನಾವರ ತಾಲೂಕಿನಿಂದ ಒಬ್ಬ ಪಾದ್ರಿ

ಬಾಯಿಯವರೇ, ನಾನು ಪೂರ್ವ ಆಫ್ರಿಕಾದಲ್ಲಿ ಒಂಬತ್ತು ವರ್ಷ ಇದ್ದು ಬಂದವನು. ನಿಮ್ಮ ಮಗಳ ಆ ‘ಚೆನ್ನಾಗಿದ್ದೇನೆ’ಯನ್ನು ನಾನೂ ನೂರಾರು ಸಲ ಹೇಳಿದ್ದೇನೆ. ಮಿಷನರಿಯಾಗಿ ಹೋದವರು ಅಳಬಾರದು ಅಂತ ನಮಗೆ ಯಾರೂ ಕಲಿಸಿಲ್ಲ. ಆದರೂ ಹಾಗೆ ಅಂದುಕೊಂಡಿರುತ್ತೇವೆ. ಇಗರ್ಜಿಯವರೆಲ್ಲ ಸೇರಿ ಹಾರ ಹಾಕಿ, ಫೋಟೋ ತೆಗೆಸಿ ಕಳಿಸಿರುತ್ತಾರಲ್ಲ, ಎರಡೇ ವರ್ಷಕ್ಕೆ ‘ನನ್ನಿಂದ ಆಗ್ತಾ ಇಲ್ಲ’ ಅನ್ನಲು ಬಾಯಿ ಬರುವುದಿಲ್ಲ.

ಮೊದಲ ವರ್ಷ ಎಲ್ಲವೂ ಹೊಸದು, ಹಾಗಾಗಿ ದಿನ ಹೋಗುತ್ತದೆ. ಕಷ್ಟ ಎರಡನೆಯ ವರ್ಷದ್ದು. ಜನ ನಗುತ್ತಿದ್ದಾರೆ ಅಂತ ತಿಳಿಯುವಷ್ಟು ಭಾಷೆ ಬಂದಿರುತ್ತದೆ, ಯಾಕೆ ನಗುತ್ತಿದ್ದಾರೆ ಅಂತ ತಿಳಿಯುವಷ್ಟು ಬಂದಿರುವುದಿಲ್ಲ. ನಾನು ಒಂದು ದಿನ ದೊಡ್ಡ ಮೀಸೆಯ ಡ್ರೈವರ್ ಒಬ್ಬರನ್ನು ನಮ್ಮೂರ ಅಭ್ಯಾಸದಲ್ಲಿ ‘ದಾದಾ’ ಅಂತ ಕರೆದೆ. ಬಸ್ಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಸ್ವಾಹಿಲಿಯಲ್ಲಿ ‘ದಾದಾ’ ಅಂದರೆ ಅಕ್ಕ. ಅಣ್ಣನಿಗೆ ‘ಕಾಕಾ’ ಅನ್ನಬೇಕು! ಅವತ್ತು ರಾತ್ರಿ ನನಗೆ ನಗು ಬರಲಿಲ್ಲ, ಅಳು ಬಂತು. ಈಗ ಮದುವೆ ಊಟಗಳಲ್ಲಿ ಅದನ್ನೇ ಹೇಳಿ ನಗಿಸುತ್ತೇನೆ.

ನಮ್ಮವರಲ್ಲಿ ಸಂತ ಜೋಸೆಫ್ ವಾಜ್ ಅವರ ಹೆಸರು ಕೇಳದವರು ಕಡಿಮೆ. ಕೊಂಕಣಿ ಮಾತಾಡುವ ಗೋವೆಯ ಮನುಷ್ಯ. 1681ರಿಂದ ಮೂರು ವರ್ಷ ನಮ್ಮ ಈ ಕರಾವಳಿಯಲ್ಲೇ ಕೆಲಸ ಮಾಡಿದರು. 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಲೋನಿಗೆ ಹೋದರು. ಇಳಿದದ್ದೇ ಆಮಶಂಕೆ ಹಿಡಿದು ಹಾಸಿಗೆ ಸೇರಿದರು. ಮುಂದೆ ಕ್ಯಾಂಡಿಯಲ್ಲಿ ಗೂಢಚಾರ ಅಂತ ಜೈಲಿಗೂ ಹಾಕಿದರು. 2015ರಲ್ಲಿ ಅವರನ್ನು ಸಂತರೆಂದು ಸಾರಿದಾಗ ನಾವೆಲ್ಲ ಹೇಳಿದ್ದು ಅವರ ಸಾಹಸ. ಆ ಹಾಸಿಗೆ ಹಿಡಿದ ದಿನಗಳ ಬಗ್ಗೆ ಇಗರ್ಜಿಯ ಪ್ರಸಂಗದಲ್ಲಿ ಯಾರೂ ಹೇಳುವುದಿಲ್ಲ. ನಿಮ್ಮ ಮಗಳಿಗೆ ಅದನ್ನು ಹೇಳಿ.

ನನ್ನ ತಾಯಿ ಏನು ಮಾಡುತ್ತಿದ್ದಳು ಗೊತ್ತೇ? ಕಾಗದದಲ್ಲಿ ಎಮ್ಮೆಯ ಸುದ್ದಿ ಬರೆಯುತ್ತಿದ್ದಳು. ‘ನಿನ್ನೆ ಹೊಳೆಗೆ ಇಳಿದ ಎಮ್ಮೆ ಮೇಲೆ ಬರಲೇ ಇಲ್ಲ, ನಿನ್ನ ಅಪ್ಪ ಲುಂಗಿ ಎತ್ತಿ ಕಟ್ಟಿ ಬೈಯುತ್ತಾ ಸಂಜೆವರೆಗೆ ದಡದಲ್ಲಿ ನಿಂತಿದ್ದರು.’ ದೇವರ ಹೆಸರು ಕೊನೆಯ ಸಾಲಿನಲ್ಲಿ ಮಾತ್ರ. ಧೈರ್ಯ ಹೇಳುವ ಕಾಗದ ಬರೆದವರು ಬೇರೆ ಬಹಳ ಜನ ಇದ್ದರು. ಅವು ಯಾವುವೂ ನನ್ನ ಹತ್ತಿರ ಈಗ ಇಲ್ಲ.

ಶಿರಸಿಯಿಂದ ನಿವೃತ್ತ ನರ್ಸ್

ತಂಗಿ, ನಾನು ಬರೀ ಜ್ವರದ ಮಾತು ಹೇಳುತ್ತೇನೆ. ನಿಮ್ಮ ಮಗಳು ನರ್ಸ್, ಅವಳಿಗೆ ಎಲ್ಲ ಗೊತ್ತು. ಆದರೆ ನರ್ಸುಗಳು ತಮ್ಮ ಜ್ವರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ವಂತ ಅನುಭವ!

ಕೀಟನಾಶಕ ಸವರಿದ ಸೊಳ್ಳೆಪರದೆಯೊಳಗೆ ಮಲಗುತ್ತಾಳಾ ಕೇಳಿ. ಎರಡು ಸಲ ಮಲೇರಿಯಾ ಆದವರಿಗೆ ‘ಇನ್ನೇನಾಗುತ್ತೆ ಬಿಡು’ ಅನ್ನುವ ಉದಾಸೀನ ಬರುತ್ತದೆ. ಆಫ್ರಿಕಾದಲ್ಲಿ ಜಾಸ್ತಿ ಇರುವುದು ಫಾಲ್ಸಿಪೇರಮ್ ಮಲೇರಿಯಾ. ಅದು ಒಂದೆರಡು ದಿನದಲ್ಲೇ ಮೆದುಳು, ಕಿಡ್ನಿಗೆ ಹೋಗಬಹುದು. ಎರಡು ಸಲ ಪಾರಾದವರನ್ನೂ ಬಿಡುವುದಿಲ್ಲ.

ಇನ್ನೊಂದು. ಅವಳು ಮನೆಗೆ ಬಂದ ಮೇಲೆ ಜ್ವರ ಬಂದರೆ, ಮೂರು ತಿಂಗಳಾದ ಮೇಲೆ ಬಂದರೂ, ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ‘ಕೀನ್ಯಾದಿಂದ ಬಂದಿದ್ದಾಳೆ’ ಅನ್ನುವುದು. ನಮ್ಮ ಜಿಲ್ಲೆಯಲ್ಲಿ ಜ್ವರ ಅಂದರೆ ಡಾಕ್ಟರಿಗೆ ಡೆಂಗಿ, ಇಲಿಜ್ವರ, ನಮ್ಮ ಕಡೆ ಮಂಗನ ಕಾಯಿಲೆ ನೆನಪಿಗೆ ಬರುತ್ತದೆ. ಕೀನ್ಯಾ ಬರುವುದಿಲ್ಲ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ನಾನು ಡ್ಯೂಟಿಯಲ್ಲಿದ್ದಾಗ ಹಡಗಿನಿಂದ ಬಂದ ಹುಡುಗನೊಬ್ಬ ಎಲ್ಲಿಂದ ಬಂದೆ ಅಂತ ಹೇಳಲೇ ಇಲ್ಲ. ನಾವೂ ಕೇಳಲಿಲ್ಲ. ಮೂರು ದಿನ ಸುಮ್ನೆ ಹೋಯಿತು.

ಹಳದಿ ಜ್ವರದ ಲಸಿಕೆಯ ಹಳದಿ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ, ಸೂಟ್‌ಕೇಸಿನ ತಳದಲ್ಲಿ ಬೇಡ. ಕೀನ್ಯಾದಿಂದ ಬರುವವರ ಹತ್ತಿರ ಅದು ಇಲ್ಲದಿದ್ದರೆ ಇಲ್ಲಿ ಇಳಿದ ಮೇಲೆ ಆರು ದಿನದವರೆಗೆ ಬೇರೆ ಇಡಬಹುದು. ಹಳೆಯ ಕಾರ್ಡಿನಲ್ಲಿ ಹತ್ತು ವರ್ಷ ಅಂತ ಬರೆದಿದ್ದರೂ 2016ರಿಂದ ಅದು ಜೀವಮಾನಕ್ಕೆಲ್ಲ ನಡೆಯುತ್ತದೆ.

ಕಾರವಾರದಿಂದ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಇದು ಭಾವನೆಯ ಮಾತಲ್ಲ, ಬೇಜಾರಾಗಬೇಡಿ. ಹೊರದೇಶದಲ್ಲಿ ಇಷ್ಟೇ ದಿನ ಅಂತಿಲ್ಲದೆ ಇರಲು ಹೋದವರ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆಯಾಗಿ ಬದಲಾಯಿಸಬೇಕು. ಸೇವೆಗೆ ಹೋದವರು, ಸಂಬಳ ಇಲ್ಲ ಅಂತ ಇದನ್ನು ಬಿಟ್ಟೇ ಬಿಡುತ್ತಾರೆ. ಅದರಲ್ಲಿ ನಿಮ್ಮ ಹೆಸರನ್ನೂ ಸೇರಿಸಬಹುದು. ರಜೆಗೆ ಬಂದಾಗ ಅವಳೇ ಬ್ಯಾಂಕಿಗೆ ಹೋಗಿ ಮುಗಿಸಲಿ.

ಇಲ್ಲಿಯ ಸಿಮ್ ಸಾಯಲು ಬಿಡಬೇಡಿ, ಎಲ್ಲದಕ್ಕೂ ಒಟಿಪಿ ಅದಕ್ಕೇ ಬರುವುದು. ನೈರೋಬಿಯಲ್ಲಿ ನಮ್ಮ ಹೈಕಮಿಷನ್ ಇದೆ, ಅಲ್ಲಿ ಅವಳ ಹೆಸರು, ವಿಳಾಸ ದಾಖಲಾಗಿರಲಿ. ಜೀಪು ಓಡಿಸುವ ಕೆಲಸವಿದ್ದರೆ ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಬಹುದು, ಒಂದು ವರ್ಷ ನಡೆಯುತ್ತದೆ. ಕೀನ್ಯಾದಲ್ಲೂ ರಸ್ತೆಯ ಎಡಕ್ಕೇ ಓಡಿಸುವುದು.

ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ನೀವು ಬೆಳಿಗ್ಗೆ ಆರರ ಪೂಜೆಗೆ ಹೋಗುವ ಮುಂಚೆ ಫೋನ್ ಮಾಡುತ್ತೀರಾದರೆ, ಅಲ್ಲಿ ಮೂರೂವರೆಯೂ ಆಗಿರುವುದಿಲ್ಲ. ಅವಳು ಮಾತಾಡದೇ ಇರಲು ಅದೂ ಒಂದು ಕಾರಣ ಇರಬಹುದಲ್ವಾ?

ಮುಂಡಗೋಡದಿಂದ ಒಬ್ಬ ಓದುಗರು

ಎಲ್ಲರೂ ‘ಧೈರ್ಯ ಹೇಳಿ’ ಅಂತಲೇ ಬರೆಯುತ್ತಾರೆ ಅಂತ ನನಗೆ ಗೊತ್ತು. ನಾನು ಒಪ್ಪುವುದಿಲ್ಲ. ನನ್ನ ತಮ್ಮ ಒಂದು ಸಂಸ್ಥೆಯ ಮೂಲಕ ಹೋಗಿದ್ದ. ಆಗುವುದಿಲ್ಲ ಅಂತ ಎರಡು ಸಲ ಬರೆದ. ಎರಡು ಸಲವೂ ‘ಪ್ರಾರ್ಥನೆ ಮಾಡು’ ಅಂತ ಉತ್ತರ ಬಂತು. ನಾವೂ ಮನೆಯಿಂದ ಅದನ್ನೇ ಹೇಳಿದೆವು. ಕೊನೆಗೆ ಬಂದಾಗ ಗುರುತೇ ಸಿಗದಷ್ಟು ಇಳಿದಿದ್ದ. ನಿದ್ದೆ ಇಲ್ಲ, ಊಟ ಇಲ್ಲ. ಸರಿಹೋಗಲು ಎರಡು ವರ್ಷ ಬೇಕಾಯಿತು. ಈಗ ಇಲ್ಲೇ ಶಾಲೆಯಲ್ಲಿ ಕಲಿಸುತ್ತಾನೆ, ಚೆನ್ನಾಗಿದ್ದಾನೆ.

‘ವಾಪಸ್ ಬಾ’ ಅನ್ನಬೇಡಿ. ‘ಬಂದರೂ ಬಾಗಿಲು ತೆರೆದೇ ಇದೆ, ಊರವರು ಏನಂದರೂ ನಾನು ನೋಡಿಕೊಳ್ಳುತ್ತೇನೆ’ ಅನ್ನಿ. ಇವೆರಡರ ನಡುವೆ ಬಹಳ ವ್ಯತ್ಯಾಸ ಇದೆ. ಆದರೆ ಅವಳಿಗೆ ತಿಳಿಸದೆ ಮಠದ ಮದರ್‌ಗೆ ಫೋನ್ ಮಾಡಬೇಡಿ. ಅವಳ ಮಾತನ್ನು ಅವಳೇ ಆಡಲಿ. ನಿದ್ದೆ ಹೇಗೆ ಬರುತ್ತಿದೆ ಅಂತ ಮಾತ್ರ ಬಿಡದೆ ಕೇಳಿ.

ಕೋಡಿಬಾಗದಿಂದ ಒಬ್ಬ ಅಜ್ಜಿ (ಮೊಮ್ಮಗಳ ಕೈಯಲ್ಲಿ ಬರೆಸಿದ್ದು)

ನೀನು ‘ಇಲ್ಲಿ ಕೂತು’ ಅಂತ ಬರೆದಿದ್ದೀಯಲ್ಲ ಮಗಾ, ಫ್ರಾನ್ಸಿನ ಲಿಸಿಯೂದ ಸಂತ ಪುಟ್ಟ ತೆರೇಸಾ ಕಾನ್ವೆಂಟಿನ ಗೋಡೆ ಬಿಟ್ಟು ಎಲ್ಲಿ ಹೋಗಿದ್ದಳು? ಇಪ್ಪತ್ತನಾಲ್ಕಕ್ಕೇ ಸತ್ತಳು. ಚೀನಾಕ್ಕೆ ಹೋದ ಪಾದ್ರಿಗೊಬ್ಬರಿಗೆ, ಆಫ್ರಿಕಾಕ್ಕೆ ಹೊರಟಿದ್ದ ಇನ್ನೊಬ್ಬರಿಗೆ ಕಾಗದ ಬರೆಯುತ್ತಿದ್ದಳು, ಅಷ್ಟೇ. ಅವಳನ್ನೇ 1927ರಲ್ಲಿ ಮಿಷನರಿಗಳ ಪಾಲಕಿ ಅಂತ ಮಾಡಿದರು.

ಡಿಸೆಂಬರಿಗೆ ಬಂದವಳು ತಿರುಗಿ ಹೋಗುವಾಗ ಮುರುಗಲು ಸಿಪ್ಪೆ ಕಟ್ಟಿಕೊಡು, ಒಣಗಿಸಿದ್ದು. ಸೋರುವುದಿಲ್ಲ, ಕೆಡುವುದಿಲ್ಲ, ಭಾರ ಇಲ್ಲ. ಉಪ್ಪಿನಕಾಯಿ ಬೇಡ. ನನ್ನ ತಂಗಿ ಹೊರದೇಶಕ್ಕೆ ಒಯ್ದ ಉಪ್ಪಿನಕಾಯಿ ಡಬ್ಬಿ ಒಡೆದು ಮೂರು ಬಿಳಿ ಸೀರೆ ಕೆಂಪಾದವು.

ಕುಮಟಾದಿಂದ ಒಬ್ಬ ಸಿಸ್ಟರ್‌ನ ಅಣ್ಣನ ಮಗಳು

ಆಂಟಿ, ನಮ್ಮತ್ತೆಯೂ ಕೀನ್ಯಾದಲ್ಲಿದ್ದಾರೆ. ಹೋದ ಸಲ ರಜೆಗೆ ಬಂದಾಗ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಬಂದ ಮೂರನೆಯ ದಿನಕ್ಕೇ ಇಗರ್ಜಿಯಲ್ಲಿ ಭಾಷಣ, ಐದನೆಯ ದಿನ ಶಾಲೆಯಲ್ಲಿ, ಆಮೇಲೆ ಹದಿನಾಲ್ಕು ಮನೆ ಊಟ. ಪ್ರತಿ ಮನೆಯಲ್ಲೂ ‘ಅಲ್ಲಿ ಏನು ತಿಂತೀರಿ?’ ಅಂತ ಪ್ರಶ್ನೆ. ಉಗಾಲಿ ಅಂದರೆ ಮುಖ ಸಿಂಡರಿಸುವುದು. ಅದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಅಷ್ಟೇ! ಜೊತೆಗೆ ‘ಸುಕುಮಾ ವೀಕಿ’ ಅಂತ ಸೊಪ್ಪಿನ ಪಲ್ಯ. ಹಾಗೆಂದರೆ ‘ವಾರ ದೂಡು’ ಅಂತ ಅರ್ಥವಂತೆ. ಸರೋವರದ ಚಿಕ್ಕ ಒಣಮೀನು ಒಮೆನಾ ಬೇರೆ ಇದೆ. ನಮ್ಮತ್ತೆಗೆ ಈಗ ಅದೇ ಇಷ್ಟ. ಇಲ್ಲಿಗೆ ಬಂದು ಅದಕ್ಕೆ ಹಂಬಲಿಸುತ್ತಿದ್ದರು. ಅದನ್ನು ಹೇಳಿದರೆ ಜನ ತಮಾಷೆ ಅಂದುಕೊಂಡರು.

ಮೊದಲ ವಾರ ಮಲಗಲು ಬಿಡಿ. ಯಾರಾದರೂ ಕಾರ್ಯಕ್ರಮ ಅಂತ ಬಂದರೆ ನೀವೇ ಬಾಗಿಲಲ್ಲಿ ನಿಲ್ಲಿಸಿ. ಮಗಳು ಕಳಿಸಿದ ರೋಗಿಗಳ, ಮಕ್ಕಳ ಫೋಟೋ ಸ್ಟೇಟಸ್ಸಿಗೆ ಹಾಕಬೇಡಿ. ನಾನು ಹಾಕಿ ಅತ್ತೆಯಿಂದ ಬೈಸಿಕೊಂಡೆ. ‘ನಿನ್ನ ಫೋಟೋ ಆಸ್ಪತ್ರೆಯ ಹಾಸಿಗೆಯಲ್ಲಿ ತೆಗೆದು ಯಾರಾದರೂ ಹೀಗೆ ಹಾಕಿದರೆ?’ ಅಂದರು. ಸರಿಯೇ ಅನ್ನಿಸಿತು.

ಅಂಕೋಲೆಯಿಂದ ಒಬ್ಬ ತಾಯಿ

ಅಕ್ಕಾ, ನಾವು ಕ್ರಿಶ್ಚಿಯನ್ನರಲ್ಲ. ಮಗ ಹಡಗಿನಲ್ಲಿದ್ದಾನೆ. ಆದರೆ ಭಾನುವಾರದ ಫೋನು, ‘ಚೆನ್ನಾಗಿದ್ದೇನೆ’, ಆಮೇಲೆ ಸುಮ್ಮನಾಗುವುದು, ಎಲ್ಲ ನಮ್ಮ ಮನೆಯದೇ ಕಥೆ.

ನಾನು ಮೊದಲು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಊಟ ಆಯ್ತಾ, ಹುಷಾರಿದ್ದೀಯಾ, ಯಾವಾಗ ಬರ್ತೀಯಾ. ಮೊದಲ ಎರಡಕ್ಕೆ ಹೂಂ, ಮೂರನೆಯದಕ್ಕೆ ಅವನ ಹತ್ತಿರ ಉತ್ತರ ಇಲ್ಲ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತೇನೆ. ನೆಟ್‌ವರ್ಕ್ ಸಿಕ್ಕಾಗ ಅವನಿಗೆ ತಲುಪುತ್ತದೆ, ಬೇಕಾದಾಗ ಕೇಳುತ್ತಾನೆ, ತಕ್ಷಣ ಉತ್ತರ ಕೊಡಲೇಬೇಕು ಅಂತಿಲ್ಲ. ಹೆಂಚಿನ ಮೇಲೆ ಮಳೆ ಬೀಳುವುದು ಕಳಿಸಿದೆ. ಪಕ್ಕದ ಮನೆಯ ನಾಯಿ, ಅತ್ತೆಯ ಗೊರಕೆ ಕೂಡ ಕಳಿಸಿದೆ.

ಒಂದು ದಿನ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬಂದವಳ ಜೊತೆ ನಾನು ಚೌಕಾಶಿ ಮಾಡುವಾಗ ಫೋನ್ ಕೈಯಲ್ಲೇ ಇತ್ತು, ಅದನ್ನೂ ಹಾಗೇ ಕಳಿಸಿದೆ. ರಾತ್ರಿ ಅವನೇ ಫೋನ್ ಮಾಡಿದ. ‘ಆಯಿ, ಬಂಗುಡೆ ಕೊನೆಗೆ ಎಷ್ಟಕ್ಕೆ ಕೊಟ್ಟಳು?’ ಅಂದ. ಹೇಳಿದೆ. ‘ಮೋಸ ಹೋದೆ’ ಅಂದ. ಅವತ್ತು ನಲವತ್ತು ನಿಮಿಷ ಮಾತಾಡಿದ. ಹಡಗಿನಲ್ಲಿ ಒಬ್ಬನ ಜೊತೆ ಜಗಳ ಆಗಿ ತಿಂಗಳಿನಿಂದ ಮಾತು ಬಿಟ್ಟಿರುವುದನ್ನು ಅವತ್ತೇ ಮೊದಲು ಹೇಳಿದ್ದು.