ಸಹಾಯ ಬೇಕು: ‘ನೊಸ್ಫೆರಾಟು’ ಪ್ರದರ್ಶನಕ್ಕೆ ಸರಿಯಾದ ಪ್ರತಿ, ಕನ್ನಡ ಸಬ್‌ಟೈಟಲ್

ಗೆಳೆಯರೇ, ಮುರ್ನೌ ನಿರ್ದೇಶನದ 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ವಿನ ಬಣ್ಣ ಲೇಪಿತ, ಸುಮಾರು 94 ನಿಮಿಷದ ಪ್ರತಿ ಬೇಕಾಗಿದೆ. ದಯವಿಟ್ಟು ಬರೀ ಕಪ್ಪು-ಬಿಳುಪಿನದು ಬೇಡ. ಆಗ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ಚಿತ್ರೀಕರಿಸಿ, ಪ್ರತಿಗೆ ನೀಲಿ ಬಣ್ಣ ಕೊಡುತ್ತಿದ್ದರು. ಆ ನೀಲಿ ಹೋದರೆ ರಕ್ತಪಿಶಾಚಿ ಹಾಡುಹಗಲೇ ಶವಪೆಟ್ಟಿಗೆ ಹೊತ್ತು ಓಡಾಡಿದಂತೆ ಕಾಣುತ್ತದೆ; ಸೂರ್ಯನ ಬೆಳಕಿಗೆ ಅವನು ಕರಗುವ ಕೊನೆಗೆ ಅರ್ಥವೇ ಉಳಿಯುವುದಿಲ್ಲ.

ವೇಗವನ್ನೂ ನೋಡಿ. ಸೆಕೆಂಡಿಗೆ 18 ಫ್ರೇಮಿನದನ್ನು 24ರಲ್ಲಿ ಓಡಿಸಿದರೆ 94 ನಿಮಿಷ ಸುಮಾರು 70ಕ್ಕೆ ಇಳಿದು, ನಡಿಗೆಯೆಲ್ಲ ಕುಣಿತವಾಗಿ ಭಯದ ಜಾಗದಲ್ಲಿ ನಗು ಬರುತ್ತದೆ.

ದೃಶ್ಯಗಳ ನಡುವೆ ಬರುವ ಜರ್ಮನ್ ಬರಹದ ಫಲಕಗಳನ್ನು ಕನ್ನಡಕ್ಕೆ ತರಬಲ್ಲವರು ಯಾರಾದರೂ ಇದ್ದೀರಾ? ಒಂದು ಸಾಲಿಗೆ ಐದಾರು ಪದ, ಎರಡೇ ಸಾಲು ಸಾಕು. ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲೇ ಉಳಿಸಿ, ಇಲ್ಲದಿದ್ದರೆ ಕನ್ನಡ ಅಕ್ಷರಗಳು ಕೆಟ್ಟು ಏನೇನೋ ಚಿಹ್ನೆಗಳು ಬರಬಹುದು. ಒತ್ತಕ್ಷರ ಒಡೆಯದ ಪ್ಲೇಯರ್, ಫಾಂಟ್ ಯಾವುದೆಂದೂ ತಿಳಿಸಿ.

ಇದರ ಬೆನ್ನಿಗೇ ಹಾಸ್ಯಚಿತ್ರವೊಂದು ಬೇಕು: 1948ರ ‘ಅಬಟ್ ಅಂಡ್ ಕಾಸ್ಟೆಲ್ಲೊ ಮೀಟ್ ಫ್ರಾಂಕೆನ್‌ಸ್ಟೈನ್’. ಅದರಲ್ಲಿ ರಕ್ತಪಿಶಾಚಿ ಡ್ರಾಕುಲನ ಪಾತ್ರ ಮಾಡಿದ ನಟ ಬೆಲಾ ಲುಗೋಸಿ ಆ ಪಾತ್ರದ ಗಾಂಭೀರ್ಯವನ್ನು ಒಂದು ಚೂರೂ ಬಿಟ್ಟುಕೊಡುವುದಿಲ್ಲ, ನಗು ಹುಟ್ಟುವುದೇ ಅದರಿಂದ. ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತದೆ, ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಯಾರಲ್ಲಿ ಕೇಳಬೇಕು?