ಬಣ್ಣದ ಮರಿ ತಂದು ಕಳೆದುಕೊಂಡೆವು. ಮೊದಲ ಐದಾರು ಕೋಳಿ ಎಲ್ಲಿಂದ ತರೋದು?

ನವನಗರ ಹಿತ್ತಲು (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ಮನೆ ಹಿಂದೆ ಇಪ್ಪತ್ತಕ್ಕೆ ಹನ್ನೆರಡು ಅಡಿ ಜಾಗ ಇದೆ. ಒಂದು ನುಗ್ಗೆ ಗಿಡ, ಒಂದು ಕರಿಬೇವು, ಅಷ್ಟೇ. ನಮ್ಮ ಅವ್ವನ ತವರೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಅಲ್ಲಿ ಅವರ ಮನೆಯಲ್ಲಿ ಯಾವಾಗಲೂ ಕೋಳಿ ಇದ್ದವಂತೆ. "ಹಿತ್ತಲಾಗ ನಾಕ್ ಕೋಳಿ ಇದ್ರ ಮನಿ ಅನಸ್ತೈತಿ" ಅಂತ ಅವ್ವ ಹೇಳುತ್ತಲೇ ಇರುತ್ತಾರೆ.

ಮೂರು ವಾರದ ಹಿಂದೆ ಓಣಿಗೆ ಬುಟ್ಟಿಯಲ್ಲಿ ಮರಿ ಮಾರುವವನು ಬಂದಿದ್ದ. ಗುಲಾಬಿ, ಹಸಿರು, ಕೇಸರಿ ಬಣ್ಣದ ಮರಿಗಳು. ಮಗಳು ಬಿಡಲಿಲ್ಲ, 12 ಮರಿ ತೆಗೆದುಕೊಂಡೆವು. ಎಲ್ಲಾ ಹೆಣ್ಣು, ಆರು ತಿಂಗಳಿಗೆ ತತ್ತಿ ಇಡುತ್ತವೆ ಅಂದ. ರಟ್ಟಿನ ಡಬ್ಬಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಅಕ್ಕಿ ನುಚ್ಚು ಮತ್ತು ನೀರು ಇಟ್ಟೆವು. ಮೊದಲ ರಾತ್ರಿ ಎರಡು ಸತ್ತವು. ಆರನೇ ದಿನಕ್ಕೆ ಒಂದೇ ಉಳಿಯಿತು. ಅದನ್ನು ಮಗಳು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಬೆಳಿಗ್ಗೆ ಅದೂ ಇರಲಿಲ್ಲ.

ಈಗ ಸರಿಯಾಗಿ ಮಾಡಬೇಕು ಅಂತ ಗೂಡು ಕಟ್ಟಿಸಿದ್ದೇನೆ. ಆದರೆ ಕೋಳಿ ಎಲ್ಲಿಂದ ತರಬೇಕು ಗೊತ್ತಾಗುತ್ತಿಲ್ಲ. ಹ್ಯಾಚರಿಗೆ ಫೋನ್ ಮಾಡಿದರೆ 100 ಮರಿಗಿಂತ ಕಡಿಮೆ ಕೊಡಲ್ಲ ಅಂದರು. ಸಂತೆಯಲ್ಲಿ ಕಾಲು ಕಟ್ಟಿ ತಲೆಕೆಳಗೆ ಹಿಡಿದುಕೊಂಡಿರುತ್ತಾರೆ, ಯಾವುದು ಒಳ್ಳೆಯದು, ಯಾವುದು ಮುದಿ ಅಂತ ನನಗೆ ತಿಳಿಯಲ್ಲ. ಅವ್ವನಿಗೆ ಜವಾರಿ, ಅಂದರೆ ನಾಟಿ ಕೋಳಿ ಬೇಕು, ನನಗೆ ತತ್ತಿ ಬೇಕು. ದಯವಿಟ್ಟು ದಾರಿ ತೋರಿಸಿ.

ಘಟಪ್ರಭಾ ದಂಡೆ (ಗೋಕಾಕ ತಾಲೂಕು)

ಅಣ್ಣಾರೆ, ಮೊದಲು ಮಗಳಿಗೆ ಒಂದು ಮಾತು ಹೇಳಿ. ಮರಿ ಸತ್ತಿದ್ದು ಅವಳ ತಪ್ಪಿನಿಂದ ಅಲ್ಲ.

ತತ್ತಿ ಫಾರ್ಮಿನವರಿಗೆ ಹೆಣ್ಣು ಮರಿ ಮಾತ್ರ ಬೇಕು. ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಗಂಡು, ಹೆಣ್ಣು ಬೇರೆ ಮಾಡುತ್ತಾರೆ. ಬಣ್ಣ ಹಚ್ಚಿ ಓಣಿ ಓಣಿ ತರುವ ಮರಿ ಹೆಚ್ಚಾಗಿ ಆ ಬೇಡವಾದ ಗಂಡು ಮರಿಗಳೇ. ಬಿಸಿಲು, ಗಾಳಿ ತಿಂದು, ಹೊಟ್ಟೆಗೆ ನೀರಿಲ್ಲದೆ ನಿಮ್ಮ ಮನೆಗೆ ಬರುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತದೆ. ಮೇಲಾಗಿ ಮೊದಲ ವಾರ ಮರಿಗೆ 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ತಾಯಿ ಇದ್ದರೆ ರೆಕ್ಕೆ ಕೆಳಗೆ ಹಾಕಿಕೊಳ್ಳುತ್ತಿತ್ತು. ತಾಯಿ ಇಲ್ಲ ಅಂದಮೇಲೆ ಬಲ್ಬ್ ಹಾಕಲೇಬೇಕು. ಈ ಆಷಾಢದ ಗಾಳಿಗೆ ಬೆಡ್‌ಶೀಟ್ ಏನೂ ಸಾಲದು. ಬರೀ ನುಚ್ಚು ತಿಂದೂ ಮರಿ ಬೆಳೆಯಲ್ಲ, ಅದಕ್ಕೆ ಮರಿ ಫೀಡ್ ಬೇಕು.

ಅದಕ್ಕೇ ಹೊಸದಾಗಿ ಶುರು ಮಾಡುವವರು ಒಂದು ದಿನದ ಮರಿ ತರಬಾರದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಎರಡು, ಎರಡೂವರೆ ತಿಂಗಳ ಹೇಂಟೆ ತನ್ನಿ. ಪುಕ್ಕ ಪೂರ್ತಿ ಬಂದಿರುತ್ತದೆ, ಬಲ್ಬ್ ಬೇಡ, ಗಂಡೋ ಹೆಣ್ಣೋ ಕಣ್ಣಿಗೇ ಕಾಣುತ್ತದೆ. ಗಂಡಿನ ಜುಟ್ಟು ಆಗಲೇ ದೊಡ್ಡದಾಗಿ ಕೆಂಪಾಗಿರುತ್ತದೆ. ಹೇಂಟೆಯದು ಸಣ್ಣದು, ಮಾಸಲು ಹಳದಿ. ಎಲ್ಲಕ್ಕಿಂತ ಮುಖ್ಯ, ಆ ಹೊತ್ತಿಗೆ ಲಸಿಕೆಗಳು ಮುಗಿದಿರುತ್ತವೆ.

ಈಗ ಎಲ್ಲಿ ಸಿಗುತ್ತವೆ ಅನ್ನೋದು. ನೀವು ಹ್ಯಾಚರಿಗೆ ಫೋನ್ ಮಾಡಿದಿರಿ. ಹ್ಯಾಚರಿಯಿಂದ ಆ 100 ಮರಿ ಒಯ್ದವರು ಯಾರು ಅಂತ ಹುಡುಕಿ. ಹಳ್ಳಿಗಳಲ್ಲಿ ಮಹಿಳಾ ಸಂಘದವರು, ಸಣ್ಣ ರೈತರು ನೂರು, ಇನ್ನೂರು ಮರಿ ತಂದು ಒಂದೂವರೆ, ಎರಡು ತಿಂಗಳು ಸಾಕಿ ಬಿಡಿಯಾಗಿ ಮಾರುತ್ತಾರೆ. ಅವರ ಹೆಸರು ಬೋರ್ಡಿನ ಮೇಲೆ ಇರಲ್ಲ. ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕುವವರನ್ನು ಕೇಳಿ, ಯಾರು ವೇಳೆಗೆ ಸರಿಯಾಗಿ ಬಂದು ಲಸಿಕೆ ಹಾಕಿಸುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ. ನಮ್ಮ ಕಡೆ ಮತ್ತಿಕೊಪ್ಪ, ತುಕ್ಕಾನಟ್ಟಿಯಲ್ಲಿ ಇವೆ, ವಿಜಯಪುರದಲ್ಲಿ ಹಿಟ್ಟಿನಹಳ್ಳಿಯಲ್ಲಿ, ನಿಮ್ಮ ಬಾಗಲಕೋಟೆಯಲ್ಲೂ ಇದೆ. "ಕೋಳಿ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನಬಹುದು. "ನಮ್ಮ ಸುತ್ತಮುತ್ತ ಗಿರಿರಾಜ ತಳಿಯ ಕೋಳಿ ಸಾಕುವವರು ಯಾರಿದ್ದಾರೆ" ಅಂತ ಕೇಳಿ.

ಸಂತೆ ಬೇಡ. ಸಂತೆಯಲ್ಲಿ ಹತ್ತೂರ ಕೋಳಿ ಒಂದೇ ಕಡೆ ಉಸಿರಾಡುತ್ತವೆ. ಮನೆಯಲ್ಲಿ ಒಂದು ಕೋಳಿ ಸತ್ತ ಕೂಡಲೇ ಉಳಿದವನ್ನು ಹಿಡಿದು ಸಂತೆಗೆ ಒಯ್ಯುವವರೂ ಇದ್ದಾರೆ. ನಾನು ಎಂಟು ವರ್ಷದ ಹಿಂದೆ ಸಂತೆಯಿಂದ ಎರಡೇ ಎರಡು ಹೇಂಟೆ ತಂದು ಸೀದಾ ಗೂಡಿಗೆ ಬಿಟ್ಟೆ. ಹದಿನೈದು ದಿನದಲ್ಲಿ ಮನೆಯ 23 ಕೋಳಿ ಹೋದವು. ಹಸಿರು ಬಿಳಿ ಹಿಕ್ಕೆ, ಕುತ್ತಿಗೆ ತಿರುಚುವುದು, ರಾಣಿಖೇತ್ ಅನ್ನುತ್ತಾರಲ್ಲ, ಆ ಕೊಕ್ಕರೆ ರೋಗ. ಗೂಡು ಬರಿದಾದ ಆ ಬೆಳಗು ನನಗೆ ಇನ್ನೂ ಕಣ್ಣ ಮುಂದಿದೆ.

ಇಂಡಿ ಲಿಂಬೆ ತೋಟ (ವಿಜಯಪುರ)

ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಖರೆ. ನಾನು ಲಿಂಬೆ ಗಿಡದ ಕೆಳಗೆ ಮೂವತ್ತು ಕೋಳಿ ಬಿಟ್ಟಿದ್ದೇನೆ, ತಳಿ ಬಗ್ಗೆ ಎರಡು ಮಾತು.

ಜವಾರಿ ಹೇಂಟೆ ಹತ್ತು ಹದಿನೈದು ತತ್ತಿ ಇಟ್ಟು ಕಾವಿಗೆ ಕೂರುತ್ತದೆ. ಆಮೇಲೆ ಮರಿ ಜೊತೆ ತಿರುಗುತ್ತದೆ. ವರ್ಷಕ್ಕೆ 60ರ ಆಸುಪಾಸು ತತ್ತಿ ಅಂದುಕೊಳ್ಳಿ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ, 130ರಿಂದ 150 ತತ್ತಿ. ಅಲ್ಲಿಂದಲೇ 2005ರಲ್ಲಿ ಬಂದ ಸ್ವರ್ಣಧಾರಾ ಇನ್ನೂ ಜಾಸ್ತಿ ಇಡುತ್ತದೆ, 180 ದಾಟುತ್ತದೆ. ಇದು ಚೆನ್ನಾಗಿ ನೋಡಿಕೊಂಡರೆ ಮಾತ್ರ. ಆದರೆ ಗಿರಿರಾಜ ಕಾವಿಗೆ ಕೂರಲ್ಲ. ಮರಿ ಬೇಕು ಅಂದರೆ ಅದರ ತತ್ತಿಯನ್ನು ಜವಾರಿ ಕೆಳಗೆ ಇಡಬೇಕು, 21 ದಿನಕ್ಕೆ ಮರಿ.

ಅದಕ್ಕೆ ಅವ್ವನ ಆಸೆ, ನಿಮ್ಮ ಆಸೆ ಎರಡೂ ಆಗುತ್ತದೆ ನೋಡಿ. ಮೊದಲು ಐದಾರು ಗಿರಿರಾಜ ಅಥವಾ ಸ್ವರ್ಣಧಾರಾ. ಕೈ ಕುದುರಿದ ಮೇಲೆ ಪರಿಚಯದವರ ಮನೆಯಿಂದ ಕಾವಿಗೆ ಬರುವ ಒಂದು ಜವಾರಿ ಹೇಂಟೆ. ಜವಾರಿ ಅಂತ ಹೇಳಿ ಫಾರ್ಮ್ ಮಿಶ್ರ ತಳಿ ಕೊಡುವವರು ಬಹಳ ಇದ್ದಾರೆ. ಹತ್ತೂ ಕೋಳಿ ಒಂದೇ ಬಣ್ಣ, ಒಂದೇ ತೂಕ ಇದ್ದರೆ ಅವು ಜವಾರಿ ಅಲ್ಲ. ಖರೇ ಜವಾರಿ ಹಿಂಡಿನಲ್ಲಿ ಒಂದರಂತೆ ಇನ್ನೊಂದು ಇರಲ್ಲ.

ಹುಂಜ ಬೇಡ. ತತ್ತಿ ಇಡೋಕೆ ಹುಂಜ ಬೇಕಿಲ್ಲ, ಮರಿಗೆ ಮಾತ್ರ ಬೇಕು. ನವನಗರದಲ್ಲಿ ನಸುಕಿಗೆ ಕೂಗಿದರೆ ನೆರೆಯವರಿಗೆ ಕಷ್ಟ.

ಇನ್ನೊಂದು. ಈಗಲೇ ಓಡಾಡಿ ಮಾತಾಡಿಟ್ಟುಕೊಂಡು ಶ್ರಾವಣದಲ್ಲಿ ಕೊಳ್ಳಿ. ನಮ್ಮ ಕಡೆ ಆ ತಿಂಗಳು ಬಹಳ ಮನೆಯಲ್ಲಿ ಕೋಳಿ ಕೊಯ್ಯಲ್ಲ, ಸಾಕಿದವರ ಹತ್ತಿರ ಕೋಳಿ ಉಳಿದಿರುತ್ತವೆ. ಆರಿಸಿಕೊಳ್ಳೋಕೂ ಸಿಗುತ್ತದೆ, ರೇಟೂ ಇಳಿದಿರುತ್ತದೆ. ಬೇಸಿಗೆಯಲ್ಲಿ ಮಾತ್ರ ಶುರು ಮಾಡಬೇಡಿ. 40 ಡಿಗ್ರಿ ದಾಟಿದರೆ ಹಳೇ ಕೋಳಿಗಳೇ ಬಾಯಿ ಬಿಟ್ಟು ನಿಲ್ಲುತ್ತವೆ.

ನವನಗರ ಹಿತ್ತಲು

ಅಕ್ಕಾರೆ, ಅಣ್ಣಾರೆ, ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮಗಳಿಗೆ ಓದಿ ಹೇಳಿದೆ.

ಸಾಕುವವರ ಮನೆಗೆ ಹೋದಾಗ ಏನು ನೋಡಬೇಕು? ಆ ಮರಿಗಳಿದ್ದ ಡಬ್ಬಿ, ಬಟ್ಟಲು ಈಗ ಹೊಸ ಗೂಡಿನಲ್ಲೇ ಇವೆ, ತೊಂದರೆ ಇದೆಯಾ?

ಘಟಪ್ರಭಾ ದಂಡೆ

ಗೂಡು ಮೊದಲು. ರಟ್ಟಿನ ಡಬ್ಬಿ, ಬೆಡ್‌ಶೀಟ್ ಸುಟ್ಟುಬಿಡಿ. ಒಳಗಿನ ಹಾಸು ಎಲ್ಲಾ ತೆಗೆದು, ತೊಳೆದು, ಎರಡು ದಿನ ಬಿಸಿಲಿಗೆ ಬಿಟ್ಟು, ಸುಣ್ಣ ಹೊಡೆಯಿರಿ. ನೀರಿನ ಬಟ್ಟಲೂ ಬಿಸಿಲಿಗೆ. ರಕ್ತಭೇದಿ ತರುವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಹಸಿ ಹಾಸಿನಲ್ಲಿ ಬಹಳ ದಿನ ಉಳಿಯುತ್ತದೆ. ಆಮೇಲೆ ಒಣ ಭತ್ತದ ಹೊಟ್ಟು ಎರಡು, ಮೂರು ಇಂಚು ಹಾಸಿ. ಶೇಂಗಾ ಹೊಟ್ಟು ಸಿಕ್ಕರೂ ನಡೆಯುತ್ತದೆ, ಬೂಸ್ಟು ಹಿಡಿದಿರಬಾರದು ಅಷ್ಟೇ.

ಈಗ ಅವರ ಮನೆಗೆ ಹೋದಾಗ. ಕೂಡಲೇ ಕೋಳಿ ಹಿಡಿಯಬೇಡಿ. ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕಾಳು ಎರಚಿಸಿ. ಓಡಿ ಬರುವವು ಒಳ್ಳೆಯವು. ರೆಕ್ಕೆ ಜೋತು ಬಿದ್ದು, ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತ ಒಂದೇ ಒಂದು ಕೋಳಿ ಇದ್ದರೂ ಆ ಮನೆಯಿಂದ ಯಾವುದನ್ನೂ ತರಬೇಡಿ. ಬೇಜಾರಾದರೂ ಸರಿ, ಖಾಲಿ ಕೈಯಲ್ಲಿ ವಾಪಸ್ ಬನ್ನಿ.

ಎಲ್ಲಾ ಚೆನ್ನಾಗಿದ್ದರೆ ಒಂದೊಂದನ್ನೇ ಕೈಗೆ ತೆಗೆದುಕೊಳ್ಳಿ. ಎರಡೂ ರೆಕ್ಕೆ ಸೇರಿಸಿ ಹಿಡಿದು, ಎದೆಯನ್ನು ನಿಮ್ಮ ಕಿವಿಗೆ ಇಡಿ. ಉಸಿರು ಮೆತ್ತಗಿರಬೇಕು. ಗುರ್‌ಗುರ್ ಅಂದರೆ ಕೆಳಗಿಡಿ. ಮೂಗಿನ ಹೊಳ್ಳೆ ಒಣಗಿರಬೇಕು, ಕಣ್ಣು ಮೂಲೆಯಲ್ಲಿ ನೊರೆ ಇರಬಾರದು. ಎದೆಯ ನಡುಮೂಳೆ ಮೇಲೆ ಬೆರಳು ಓಡಿಸಿ. ಎರಡೂ ಕಡೆ ಮಾಂಸ ತುಂಬಿರಬೇಕು, ಚಾಕುವಿನ ಬಾಯಿಯಂತೆ ಮೊನಚಾಗಿ ಸಿಕ್ಕರೆ ಒಳಗೆ ಹುಳವೋ ರೋಗವೋ ಇದೆ. ಬಾಲ ಎತ್ತಿ ನೋಡಿ, ಕೆಳಗೆ ಪುಕ್ಕಕ್ಕೆ ಹಿಕ್ಕೆ ಅಂಟಿರಬಾರದು. ಅಲ್ಲೇ ಪುಕ್ಕ ಊದಿ ಬಿಡಿಸಿದರೆ ಹೇನು ಇದ್ದರೆ ಓಡುವುದು ಕಾಣುತ್ತದೆ. ಕಾಲಿನ ಹುರುಪೆ ನುಣುಪಾಗಿ ಹೊಂದಿಕೊಂಡಿರಬೇಕು. ಎದ್ದು ಒರಟಾಗಿದ್ದರೆ ಕಾಲಿಗೆ ನುಸಿ ಹತ್ತಿದೆ ಅಂತ, ಇಲ್ಲಾ ಅದು ಮುದಿ ಕೋಳಿ.

ಲಸಿಕೆ ಹಾಕಿದ್ದೀರಾ ಅಂತ ಮಾತ್ರ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ಯಾವುದು, ಯಾವಾಗ ಅಂತ ಕೇಳಿ. ಐದರಿಂದ ಏಳನೇ ದಿನ ಕೊಕ್ಕರೆ ರೋಗಕ್ಕೆ ಲಸೋಟಾ ಅನ್ನುವ ಕಣ್ಣಿನ ಹನಿ, 14ನೇ ದಿನದ ಸುಮಾರಿಗೆ ಗುಂಬೋರೊ ರೋಗದ ಲಸಿಕೆ, 28ಕ್ಕೆ ಮತ್ತೆ ಲಸೋಟಾ, ಎರಡು ತಿಂಗಳಿಗೆ ಕೊಕ್ಕರೆ ರೋಗಕ್ಕೇ ಆರ್‌ಟೂಬಿ ಇಂಜೆಕ್ಷನ್. ಸಾಕುವವರಾದರೆ ತಡವರಿಸದೆ ಹೇಳುತ್ತಾರೆ. ಈ ಕೊನೆಯದು ಆಗದೆ ತರಬೇಡಿ. ಲಸಿಕೆ ಸೀಸೆ ನೂರು, ಇನ್ನೂರು ಕೋಳಿಗೆ ಆಗುವಷ್ಟು ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿಗೆ ಅಂತ ಬಿಚ್ಚೋಕೆ ಮನಸ್ಸು ಬರಲ್ಲ. ಅದಕ್ಕೇ ಹೊಸಬರ ಕೋಳಿ ಲಸಿಕೆ ಇಲ್ಲದೆ ಉಳಿದುಬಿಡುತ್ತವೆ.

ಎಲ್ಲವನ್ನೂ ಒಂದೇ ಮನೆಯಿಂದ, ಒಂದೇ ದಿನ, ಒಂದೇ ವಯಸ್ಸಿನವು ತನ್ನಿ. ಮುಂದೆ ಆ ಜವಾರಿ ತರುವಾಗ ಮೂರು ವಾರ ಬೇರೆ ಕಡೆ ಕಟ್ಟಿ. ಬರುವಾಗ ಅವರು ಹಾಕುತ್ತಿದ್ದ ಫೀಡೇ ಎರಡು ಕೆಜಿ ಕೇಳಿ ತನ್ನಿ, ವಾರದ ಮೇಲೆ ನಿಮ್ಮದಕ್ಕೆ ಬದಲಿಸಿ. ತತ್ತಿ ಕೋಳಿ ಫೀಡ್ ಈಗಲೇ ಬೇಡ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಎಳೇ ಕೋಳಿಯ ಕಿಡ್ನಿಗೆ ಪೆಟ್ಟು.

ಖಾನಾಪುರ ಮಳೆ

ಗೂಡಿನ ತಳ ನೆಲಕ್ಕೆ ಹತ್ತಿದೆಯಾ? ಎರೆ ಮಣ್ಣಾದರೆ ಒಂದೂವರೆ ಅಡಿ ಎತ್ತರಿಸಿ. ಕೋಳಿ ಜಾಳಿಗೆ ಅಂತ ಸಿಗುವ ತೆಳು ತಂತಿ ಕೋಳಿಯನ್ನು ತಡೆಯುತ್ತದೆ, ಮುಂಗುಸಿಯನ್ನು ತಡೆಯಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ಬೆರಳು ಹೋಗುವ ಸಂದಿ ಇದ್ದರೂ ಮುಚ್ಚಿ.

ನವನಗರ ಹಿತ್ತಲು (ಐದು ವಾರದ ನಂತರ)

ಕೋಳಿ ಬಂದವು!

ಪಶು ಆಸ್ಪತ್ರೆಯಲ್ಲಿ ಕೇಳಿದೆ, ಬೀಳಗಿ ಕಡೆಯ ಒಂದು ಹಳ್ಳಿ ಹೇಳಿದರು. ಸಂಘದ ಒಬ್ಬ ಅಕ್ಕ 150 ಗಿರಿರಾಜ ಸಾಕಿದ್ದರು. ಲಸಿಕೆ ಕೇಳಿದ ಕೂಡಲೇ ಕ್ಯಾಲೆಂಡರ್ ಇಳಿಸಿ ತೋರಿಸಿದರು, ಹಾಕಿದ ದಿನಕ್ಕೆಲ್ಲ ಪೆನ್ನಿನಲ್ಲಿ ಗುಂಡಗೆ ಗುರುತು ಮಾಡಿದ್ದರು. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ನಾನು ಹೇಳುವ ಮೊದಲೇ ಅವ್ವ ಒಂದು ಹೇಂಟೆ ಎತ್ತಿ ಕಿವಿಗೆ ಇಟ್ಟುಕೊಂಡರು. ಎಷ್ಟೋ ವರ್ಷದ ಮೇಲೆ ಕೋಳಿ ಹಿಡಿದಿದ್ದು, ಕೈ ಮರೆತಿರಲಿಲ್ಲ. ಎದೆ ಮೊನಚಾಗಿದೆ ಅಂತ ಒಂದನ್ನು ಬಿಟ್ಟು, ಆರು ಆರಿಸಿದರು.

ನಸುಕಿಗೆ ತೂತು ಮಾಡಿದ ಡಬ್ಬಿಯಲ್ಲಿ ತಂದೆವು. ಬೆಲ್ಲದ ನೀರು ಕುಡಿಸಿದೆವು. ತಿನ್ನುತ್ತಿವೆ, ಹಿಕ್ಕೆ ಗಟ್ಟಿ ಇದೆ. ಒಂದೇ ತೊಂದರೆ. ಎರಡು ದಿನದಿಂದ ಸಂಜೆ ಗೂಡಿಗೆ ಹೋಗುತ್ತಿಲ್ಲ. ಗೋಡೆ ಬದಿಗೆ ಒತ್ತಾಗಿ ಕೂರುತ್ತವೆ. ಕತ್ತಲಲ್ಲಿ ಹಿಡಿದು ಒಳಗೆ ಹಾಕುವಷ್ಟರಲ್ಲಿ ಅವೂ ಹೆದರುತ್ತವೆ, ನಾವೂ ಹೆದರುತ್ತೇವೆ.

ಇಂಡಿ ಲಿಂಬೆ ತೋಟ

ಬಂದ ದಿನವೇ ಹೊರಗೆ ಬಿಟ್ಟಿದ್ದೀರಿ, ಅಲ್ವಾ? ಗೂಡು ತಮ್ಮ ಮನೆ ಅಂತ ಅವುಗಳಿಗೆ ಇನ್ನೂ ಗೊತ್ತಿಲ್ಲ. ನಾಲ್ಕೈದು ದಿನ ಒಳಗೇ ಇಡಿ. ಕಾಳು, ನೀರು ಒಳಗೇ. ಗಾಳಿ ಆಡಬೇಕು, ಇಕ್ಕಟ್ಟು ಆಗಬಾರದು. ಗಿರಿರಾಜ ಭಾರದ ಕೋಳಿ, ಕೂರುವ ಕೋಲು ಮೊಣಕಾಲೆತ್ತರಕ್ಕೆ ಸಾಕು. ಐದನೇ ದಿನ ಹೊತ್ತು ಮುಳುಗುವ ಒಂದು ತಾಸು ಮೊದಲು ಬಾಗಿಲು ತೆಗೆಯಿರಿ. ಸಂಜೆ ಕಾಳನ್ನು ಒಳಗೆ ಮಾತ್ರ ಹಾಕಿ, ಹಾಕುವಾಗ ದಿನಾ ಒಂದೇ ರೀತಿ ಕರೆಯಿರಿ.

ನವನಗರ ಹಿತ್ತಲು

ಹೇಳಿದ ಹಾಗೇ ಮಾಡಿದೆವು. ನಿನ್ನೆ ಐದನೇ ದಿನ. ಅವ್ವ ತಟ್ಟೆಯಲ್ಲಿ ಜೋಳ ಅಲ್ಲಾಡಿಸುತ್ತಾ "ಬಾ ಬಾ ಬಾ" ಅಂದರು. ನಾಲ್ಕು ಸೀದಾ ಒಳಗೆ ಹೋದವು. ಐದನೆಯದು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಯಿತು. ಆರನೆಯದು ನುಗ್ಗೆ ಬುಡದಲ್ಲೇ ಕೂತಿತ್ತು. ಮಗಳು ಮೆತ್ತಗೆ ಎತ್ತಿಕೊಂಡು ಹೋಗಿ ಕೋಲಿನ ಮೇಲೆ ಕೂರಿಸಿದಳು. ಇವತ್ತು ಆರೂ ತಾವಾಗಿಯೇ ಹೋದವು. ಚಿಲಕ ಹಾಕಿ ಬಂದು ಬರೆಯುತ್ತಿದ್ದೇನೆ.