ಅಮ್ಮನ ಬಾಯಲ್ಲಿ ಬಿಳಿ ಪದರ ಮತ್ತೆ ಮತ್ತೆ ಬರುತ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು:
ಅಮ್ಮನಿಗೆ 68 ವರ್ಷ, ಹದಿನೈದು ವರ್ಷದಿಂದ ಶುಗರ್ ಇದೆ. ನಾಲಿಗೆ ಮೇಲೆ, ಕೆನ್ನೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಫಂಗಸ್ ಅಂತ ಹೇಳಿ ಡಾಕ್ಟರ್ ಡ್ರಾಪ್ಸ್ ಕೊಟ್ಟರು, ಹತ್ತು ದಿನಕ್ಕೆ ಹೋಯಿತು. ಎರಡೇ ತಿಂಗಳಿಗೆ ಮತ್ತೆ ಬಂದಿದೆ. ಏನು ತಿಂದರೂ ಉರಿ ಅಂತಾರೆ, ಊಟ ಸೇರುತ್ತಿಲ್ಲ. ಹೀಗಾದವರು ಏನು ಮಾಡಿದಿರಿ?

ಉತ್ತರ 1:
ಓದುತ್ತಿದ್ದ ಹಾಗೆ ನಮ್ಮಪ್ಪನೇ ಕಣ್ಣ ಮುಂದೆ ಬಂದರು. ಅವರಿಗೆ ಒಂದೇ ವರ್ಷದಲ್ಲಿ ಮೂರು ಸಲ ಬಂತು. ಪ್ರತಿ ಸಲ ಡ್ರಾಪ್ಸ್, ಪ್ರತಿ ಸಲ ವಾಸಿ, ಮತ್ತೆ ಶುರು. ಈ ಫಂಗಸ್ ಹೆಸರು ಕ್ಯಾಂಡಿಡಾ. ತುಂಬಾ ಜನರ ಬಾಯಲ್ಲಿ ಅದು ತೊಂದರೆ ಕೊಡದೆ ಸುಮ್ನೆ ಇರುತ್ತದೆ. ಶುಗರ್ ಏರಿದಾಗ ಎಂಜಲಿನಲ್ಲೂ ಸಕ್ಕರೆ ಜಾಸ್ತಿಯಾಗುತ್ತದೆ, ಬಾಯಿಯೂ ಒಣಗುತ್ತದೆ. ಅದು ಬೆಳೆಯೋದಕ್ಕೆ ಅಷ್ಟು ಸಾಕು.

ಅಪ್ಪನ ಬೆಳಗಿನ ಶುಗರ್ ಚೆನ್ನಾಗಿಯೇ ಇರುತ್ತಿತ್ತು, ಅದನ್ನೇ ನಂಬಿಕೊಂಡಿದ್ದೆವು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿದಾಗ 9.4 ಬಂತು. ಊಟ ಆದ ಮೇಲೆ ಏರುತ್ತಿದ್ದದ್ದು ನಮಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಕಾರಣ ಹಲ್ಲಿನ ಡಾಕ್ಟರ್ ಹತ್ತಿರ ಸಿಕ್ಕಿತು. ಅಪ್ಪ ಮೇಲಿನ ಹಲ್ಲುಸೆಟ್ ಹಾಕಿಕೊಂಡೇ ಮಲಗುತ್ತಿದ್ದರು. ಅದನ್ನು ತೆಗೆಸಿ, ಟಾರ್ಚ್ ಬಿಟ್ಟು ತೋರಿಸಿದರು. ಅಂಗುಳವೆಲ್ಲ ಕೆಂಪು. ಆ ಕೆಂಪು ಸೆಟ್ಟಿನ ಅಂಚಿಗೆ ಬಂದು, ಗೆರೆ ಎಳೆದ ಹಾಗೆ ನಿಂತಿತ್ತು. ಅಲ್ಲಿ ಬಿಳಿ ಇರಲೇ ಇಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವತ್ತಿನಿಂದ ರಾತ್ರಿ ಸೆಟ್ ತೆಗೆದು, ಬ್ರಷ್‌ನಿಂದ ಉಜ್ಜಿ, ಅವರು ಹೇಳಿದ ದ್ರಾವಣದಲ್ಲಿ ನೆನೆಹಾಕುತ್ತೇವೆ.

ಡ್ರಾಪ್ಸ್ ಹಾಕಿಕೊಳ್ಳುವ ರೀತಿಯೂ ತಪ್ಪಿತ್ತು. ಅಪ್ಪ ಬಾಯಿಗೆ ಬಿದ್ದ ತಕ್ಷಣ ನುಂಗಿಬಿಡುತ್ತಿದ್ದರು. ಆ ಡ್ರಾಪ್ಸ್‌ನಲ್ಲಿರುವ ಔಷಧಿ ನಿಸ್ಟಾಟಿನ್, ಅದು ಪದರಕ್ಕೆ ತಾಗಿ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಸೆಟ್ ತೆಗೆದು, ಬಾಯಿ ತುಂಬಾ ಆಡಿಸಿ, ಆದಷ್ಟು ಹೊತ್ತು ಇಟ್ಟುಕೊಳ್ಳಬೇಕು. ಬಿಳಿ ಹೋದ ಮೇಲೂ ಎರಡು ದಿನ ಮುಂದುವರಿಸಿ ಅಂದಿದ್ದರು. ಈಗ ಒಂದೂವರೆ ವರ್ಷ ಆಯಿತು, ಮತ್ತೆ ಬಂದಿಲ್ಲ.

ಉತ್ತರ 2:
ನನಗೇ ಶುಗರ್ ಇದೆ. ಒಂದು ಮಾತು, ದಯವಿಟ್ಟು ಮರೆಯಬೇಡಿ. ಡ್ರಾಪ್ಸ್‌ಗೆ ಬಗ್ಗಲಿಲ್ಲ ಅಂತ ನನಗೆ ಫ್ಲುಕೊನಝೋಲ್ ಮಾತ್ರೆ ಕೊಟ್ಟರು. ಶುಗರ್‌ಗೆ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೂರನೇ ರಾತ್ರಿ ಮೈಯೆಲ್ಲ ಬೆವರು, ಸ್ಟ್ರಿಪ್ ಹಿಡಿಯಲಾಗದಷ್ಟು ಕೈ ನಡುಕ. ನೋಡಿದರೆ ಶುಗರ್ 54. ಫ್ಲುಕೊನಝೋಲ್ ಜೊತೆಗಿದ್ದರೆ ಗ್ಲಿಮಿಪಿರೈಡ್ ರಕ್ತದಲ್ಲಿ ಜಾಸ್ತಿ ಉಳಿದುಕೊಳ್ಳುತ್ತದೆ, ಶುಗರ್ ಇಳಿದುಬಿಡುತ್ತದೆ. ಬಾಯಿಗೆ ಹಚ್ಚುವ ಮೈಕೊನಝೋಲ್ ಜೆಲ್‌ಗೂ ಇದೇ ಎಚ್ಚರ ಬೇಕು. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಂತೂ ಕೇಳದೆ ಆ ಜೆಲ್ ಮುಟ್ಟಲೇಬಾರದು. ಅಮ್ಮನ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.

ಉತ್ತರ 3:
ಪದರ ಒರೆಸಿದರೆ ಬರುತ್ತದಾ? ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಎದ್ದು ಬಂದು, ಕೆಳಗೆ ಕೆಂಪಗೆ ಕಂಡರೆ ಸಾಮಾನ್ಯವಾಗಿ ಫಂಗಸ್ಸೇ. ಒರೆಸಿದರೂ ಬಾರದ ಬಿಳಿ ಮಚ್ಚೆ ಎರಡು ವಾರ ದಾಟಿದರೆ ಕಾಯಬೇಡಿ, ತೋರಿಸಿ. ಅದು ಬೇರೆ ಏನೋ ಇರಬಹುದು. ನುಂಗುವಾಗ ನೋವಿದ್ದರೆ ಅನ್ನನಾಳಕ್ಕೂ ಇಳಿದಿರಬಹುದು, ತಡ ಮಾಡಬೇಡಿ. ಅಂದಹಾಗೆ ಅಮ್ಮ ಸ್ಟೆರಾಯ್ಡ್ ಇನ್‌ಹೇಲರ್ ಏನಾದರೂ ಬಳಸುತ್ತಾರಾ? ಬಳಸಿದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಹಲ್ಲುಸೆಟ್ ಇಲ್ಲ. ಆದರೆ ಉಬ್ಬಸಕ್ಕೆ ದಿನಾ ಎರಡು ಸಲ ಇನ್‌ಹೇಲರ್ ತೆಗೆದುಕೊಳ್ಳುತ್ತಾರೆ! ರಾತ್ರಿ ಎಳೆದುಕೊಂಡು ಹಾಗೇ ಮಲಗುತ್ತಾರೆ. ಡಬ್ಬಿ ಓದಿದೆ, ಸ್ಟೆರಾಯ್ಡೇ. ಇವತ್ತಿನಿಂದ ಹಾಸಿಗೆ ಪಕ್ಕ ನೀರು, ಒಂದು ಬಟ್ಟಲು ಇಟ್ಟಿದ್ದೇನೆ. ಎಚ್‌ಬಿಎ1ಸಿ ನಾಳೆ ಬೆಳಿಗ್ಗೆ.